ಅದೇ ಡಿಡಿ ಸ್ಪೋರ್ಟ್ಸ್, ನಿಮ್ಮನೇಲಿ ಮ್ಯಾಚು, ಅಕ್ಕನ ಮನೇಲಿ ಹಳೇ ಕಬಡ್ಡಿ: ಯಾಕೆ ಹೀಗೆ?

ಪ್ರಶ್ನೆ: ಸರ್, ನಮ್ಮದು ಚಳ್ಳಕೆರೆ ಕಡೆ ಹಳ್ಳಿ. ಮನೇಲಿ ಡಿಡಿ ಫ್ರೀ ಡಿಶ್ ಇದೆ, ಅಪ್ಪಾಜಿ ಇಂಡಿಯಾ ಮ್ಯಾಚನ್ನೆಲ್ಲ ಡಿಡಿ ಸ್ಪೋರ್ಟ್ಸಲ್ಲೇ ನೋಡೋದು. ಮೊನ್ನೆ ದಾವಣಗೆರೇಲಿ ಅಕ್ಕನ ಮನೆಗೆ ಹೋಗಿದ್ವಿ, ಅಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟೋ ಕೇಬಲ್ ಇದೆ, ಅದರಲ್ಲಿ ಅದೇ ಡಿಡಿ ಸ್ಪೋರ್ಟ್ಸ್ ಹಾಕಿದ್ರೆ ಮ್ಯಾಚ್ ಇಲ್ಲ, ಯಾವುದೋ ಹಳೇ ಕಬಡ್ಡಿ ಬರ್ತಿತ್ತು. ದುಡ್ಡು ಕೊಡೋರಿಗೆ ಇಲ್ಲ, ಕೊಡದೇ ಇರೋರಿಗೆ ಇದೆ, ಇದ್ಯಾವ ಲೆಕ್ಕ? ಐಪಿಎಲ್ ಯಾಕೆ ಡಿಡಿಲಿ ಬರಲ್ಲ? ಮೊಬೈಲಲ್ಲೂ ದೇಶದ ಮ್ಯಾಚ್ ಫ್ರೀ ಕೊಡ್ಬೇಕು ಅಂತ ಕಾನೂನು ಇಲ್ವಾ?

ಉತ್ತರ: ನಿಮ್ಮ ಅಕ್ಕನ ಮನೆ ಟಿವಿ ಕೆಟ್ಟಿಲ್ಲ, ಕೇಬಲ್‌ನವರೂ ಮೋಸ ಮಾಡಿಲ್ಲ, ಅದನ್ನ ಮೊದಲು ಹೇಳ್ಬಿಡ್ತೀನಿ ಯಾಕಂದ್ರೆ ಮ್ಯಾಚ್ ದಿನ ಊರವರ ಬೈಗುಳ ಎಲ್ಲ ಹೋಗೋದು ಕೇಬಲ್ ಹುಡುಗರ ಫೋನಿಗೇನೇ. ಇಂಡಿಯಾ ಮ್ಯಾಚ್ ಇದ್ದಾಗ ಡಿಡಿ ಸ್ಪೋರ್ಟ್ಸ್ ಎರಡು ಬೇರೆ ಬೇರೆ ಫೀಡ್, ಅಂದ್ರೆ ಎರಡು ಬೇರೆ ಪ್ರಸಾರ, ಬಿಡುತ್ತೆ. ಫ್ರೀ ಡಿಶ್ ಇರೋ ಮನೆಗೆ ಮ್ಯಾಚು, ಕೇಬಲ್ಲಿಗೆ ಮತ್ತೆ ಪ್ರೈವೇಟ್ ಡಿಟಿಎಚ್‌ಗಳಿಗೆ (ಡಿಶ್ ಇಟ್ಟು ದುಡ್ಡು ಕಟ್ಟಿ ನೋಡೋದು) ಬೇರೆ ಕಾರ್ಯಕ್ರಮ. ಚಾನೆಲ್ ಹೆಸರು ಒಂದೇ, ಲೋಗೋ ಒಂದೇ, ಒಳಗಿರೋದು ಬೇರೆ. ಇದು ಟೆಕ್ನಿಕಲ್ ಪ್ರಾಬ್ಲಮ್ ಏನಲ್ಲ, 2017ರ ಆಗಸ್ಟ್ 22ನೇ ತಾರೀಕು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಹಾಗೇ ಮಾಡ್ಬೇಕು. ಆ ತೀರ್ಪು ಯಾಕೆ ಹಾಗೆ ಬಂತು ಅಂತ ಗೊತ್ತಾಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಲೇಬೇಕು, ಕೂತ್ಕೊಂಡು ನಿಧಾನಕ್ಕೆ ಓದಿ.

ಮುಂಚೆ ಈ ಪ್ರಶ್ನೆನೇ ಇರ್ಲಿಲ್ಲ. ದೇಶಕ್ಕೆಲ್ಲ ಇದ್ದಿದ್ದು ದೂರದರ್ಶನ ಒಂದೇ, ಮ್ಯಾಚ್ ತೋರಿಸಿದ್ರೆ ಅವರೇ ತೋರಿಸ್ಬೇಕು, ಇಲ್ಲಾಂದ್ರೆ ಇಲ್ಲ. ಟಿವಿ ರೈಟ್ಸ್ ಮಾರಿ ದುಡ್ಡು ಮಾಡ್ಬೋದು ಅನ್ನೋ ಯೋಚನೆನೇ ಕ್ರಿಕೆಟ್ ಬೋರ್ಡಿಗೆ 90ರ ದಶಕದ ಶುರುವಿನಲ್ಲಿ ಬಂದಿದ್ದು. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ನಡೆಸ್ತು, ರೈಟ್ಸನ್ನ ಟಿಡಬ್ಲ್ಯೂಐ ಅನ್ನೋ ಫಾರಿನ್ ಕಂಪನಿಗೆ ಕೊಟ್ರು, ದೂರದರ್ಶನದವರು ಮತ್ತೆ ಸರ್ಕಾರ ಒಪ್ಪಲಿಲ್ಲ, ಇಲ್ಲಿಂದ ಸಿಗ್ನಲ್ ಮೇಲಕ್ಕೆ ಬಿಡೋಕೆ ಪರ್ಮಿಷನ್ ಬೇಕು ಅಂದ್ರು, ಕ್ಯಾಮೆರಾ ಸಾಮಾನೆಲ್ಲ ಬಾಂಬೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕ್ಕೊಂಡ್ವು, ಕಲ್ಕತ್ತಾ ಹೈಕೋರ್ಟ್, ಸುಪ್ರೀಂ ಕೋರ್ಟ್ ಅಂತ ಓಡಾಟ ಆಯ್ತು. ಸೌತ್ ಆಫ್ರಿಕಾ ಮೇಲೆ ಸೆಮಿಫೈನಲ್‌ನಲ್ಲಿ ಕೊನೇ ಓವರ್ ತೆಂಡೂಲ್ಕರ್ ಹಾಕಿ ಗೆಲ್ಲಿಸಿದ್ರಲ್ಲ, ಅದೇ ಟೂರ್ನಮೆಂಟು. ನಾವೆಲ್ಲ ಆ ಓವರ್ ನೆನಪಿಟ್ಕೊಂಡಿದ್ದೀವಿ, ಆದ್ರೆ ಕಾನೂನು ಓದೋರಿಗೆ ಹೀರೋ ಕಪ್ ಅಂದ್ರೆ ಆ ಕೇಸೇ ನೆನಪಾಗೋದು.

ಆ ಕೇಸಿನ ತೀರ್ಪು 1995ರ ಫೆಬ್ರವರಿ 9ಕ್ಕೆ ಬಂತು. ನ್ಯಾಯಮೂರ್ತಿ ಪಿ.ಬಿ. ಸಾವಂತ್, ಎಸ್. ಮೋಹನ್, ಬಿ.ಪಿ. ಜೀವನ್ ರೆಡ್ಡಿ ಮೂವರ ಪೀಠ. ಅವರು ಹೇಳಿದ್ದರ ಸಾರ ಇಷ್ಟು: ಗಾಳೀಲಿ ಹೋಗೋ ತರಂಗಗಳು ಸಾರ್ವಜನಿಕರ ಆಸ್ತಿ, ಅವು ಸರ್ಕಾರದ ಸ್ವಂತದ್ದೂ ಅಲ್ಲ ಖಾಸಗಿಯವರ ಸ್ವಂತದ್ದೂ ಅಲ್ಲ, ಜನರ ಹಿತಕ್ಕೋಸ್ಕರ ಒಂದು ಸಾರ್ವಜನಿಕ ಸಂಸ್ಥೆ ಅದನ್ನ ನೋಡ್ಕೋಬೇಕು. ಜೊತೆಗೆ ಮ್ಯಾಚ್ ನಡೆಸೋ ಸಂಸ್ಥೆಗೆ ತನ್ನ ಆಟವನ್ನ ಯಾರ ಮೂಲಕ ತೋರಿಸ್ಬೇಕು ಅಂತ ಆರಿಸೋ ಹಕ್ಕೂ ಇದೆ, ದೂರದರ್ಶನಕ್ಕೇ ಕೊಡ್ಬೇಕು ಅಂತೇನಿಲ್ಲ. ಆ ಎರಡು ಮಾತನ್ನ ಪಕ್ಕಪಕ್ಕ ಇಟ್ಟು ನೋಡಿ, ಒಂದು ಕಡೆ ಜನರ ಹಕ್ಕು, ಇನ್ನೊಂದು ಕಡೆ ಆಟ ನಡೆಸೋರ ಹಕ್ಕು. ಅಲ್ಲಿಂದ ಇಲ್ಲಿವರೆಗೆ ನಡೀತಿರೋ ಜಗಳ ಎಲ್ಲ ಈ ಎರಡರ ಮಧ್ಯೆನೇ.

ಅದಾದ ಮರುವರ್ಷ ವರ್ಲ್ಡ್ ಕಪ್. ಆ 1996ರ ವರ್ಲ್ಡ್ ಕಪ್ಪಿನ ಟಿವಿ ರೈಟ್ಸ್ ತಗೊಂಡಿದ್ದು ವರ್ಲ್ಡ್‌ಟೆಲ್ ಕಂಪನಿಯ ಮಾರ್ಕ್ ಮಸ್ಕರೇನಸ್, ನಮ್ಮ ಬೆಂಗಳೂರಲ್ಲೇ ಬೆಳೆದವರು. ರೈಟ್ಸ್ ಖಾಸಗಿಯವರ ಕೈಲಿದ್ರೂ ಇಲ್ಲಿ ತೋರಿಸಿದ್ದು ದೂರದರ್ಶನನೇ, ಅದಕ್ಕೇ ಮಾರ್ಚ್ 9ರ ರಾತ್ರಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ಬೋಲ್ಡ್ ಮಾಡಿದ್ದನ್ನ ಆ್ಯಂಟೆನಾ ಇರೋ ಪ್ರತಿ ಮನೆ ನೋಡ್ತು. ನಮ್ಮೂರಲ್ಲಿ ಆಗ ಟಿವಿ ಇದ್ದ ಮನೆಗಳನ್ನ ಬೆರಳಲ್ಲಿ ಎಣಿಸ್ಬೋದಿತ್ತು, ಮೇಷ್ಟ್ರ ಮನೆ ಕಿಟಕಿ ಹೊರಗೆ ನಿಂತ್ಕೊಂಡು ನೋಡಿದವನು ನಾನು, ಒಳಗೆ ಜಾಗ ಇರ್ಲಿಲ್ಲ. ಈ ವಿಷಯ ನನಗೆ ಬರೀ ಕಾನೂನಿನ ವಿಷಯ ಆಗಿ ಯಾವತ್ತೂ ಉಳಿದಿಲ್ಲ, ಆ ಕಿಟಕಿ ನೆನಪು ಅದರ ಜೊತೆನೇ ಬರುತ್ತೆ.

ಆಮೇಲೆ ಪೇ ಚಾನೆಲ್ ಕಾಲ ಬಂತು. ನಮ್ಮ ಸೋದರಮಾವ ಆಗ ಊರಲ್ಲಿ ಕೇಬಲ್ ನಡೆಸ್ತಿದ್ರು, ಹಾಲಿನ ಡೈರಿ ಹಿಂದುಗಡೆ ಶೀಟಿನ ಒಂದು ರೂಮು, ಮೇಲೆ ಮೂರು ದೊಡ್ಡ ಡಿಶ್ಶು, ಒಳಗಡೆ ರಿಸೀವರ್ರು ಮಾಡ್ಯುಲೇಟರ್ರು ಸಾಲಾಗಿ ಜೋಡಿಸಿ ಫ್ಯಾನ್ ಹಾಕಿಟ್ಟಿರೋರು, ಅದಕ್ಕೆ ಕಂಟ್ರೋಲ್ ರೂಮ್ ಅಂತ ಹೆಸರು. 2004ರ ಮಾರ್ಚಲ್ಲಿ ಇಂಡಿಯಾ ಟೀಮು ಪಾಕಿಸ್ತಾನಕ್ಕೆ ಹೋಯ್ತಲ್ಲ, ಸೆಹ್ವಾಗ್ ಮುಲ್ತಾನಲ್ಲಿ 309 ಹೊಡೆದ ಟೂರು, ಅದರ ರೈಟ್ಸ್ ಇದ್ದಿದ್ದು ಟೆನ್ ಸ್ಪೋರ್ಟ್ಸ್‌ಗೆ. ದೇಶ ಪೂರ್ತಿ ನೋಡ್ಬೇಕು ಅಂತ ಕಾಯ್ತಿರೋ ಸೀರೀಸು, ಅರ್ಧ ದೇಶಕ್ಕೆ ಕೇಬಲ್ಲೇ ಇಲ್ಲ. ಮದ್ರಾಸ್ ಹೈಕೋರ್ಟಲ್ಲಿ ಯಾರೋ ಅರ್ಜಿ ಹಾಕಿದ್ರು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯ್ತು, ಕೊನೆಗೆ ಕೋರ್ಟು ಟೆನ್ ಸ್ಪೋರ್ಟ್ಸ್‌ನವರ ಲೋಗೋ, ಜಾಹೀರಾತು ಸಮೇತ ದೂರದರ್ಶನ ತೋರಿಸ್ಲಿ, ದೂರದರ್ಶನ, ಆಕಾಶವಾಣಿ ನಡೆಸೋ ಪ್ರಸಾರ ಭಾರತಿ ಸಂಸ್ಥೆ 50 ಕೋಟಿ ಡೆಪಾಸಿಟ್ ಇಡ್ಲಿ ಅಂತ ಹೇಳ್ತು. ಆಗ ಇದಕ್ಕೆ ಅಂತ ಒಂದು ಕಾನೂನೇ ಇರ್ಲಿಲ್ಲ, ಟೂರಿಗೆ ಟೂರಿಗೆ ಕೋರ್ಟಿಗೆ ಓಡ್ಬೇಕಾಗಿತ್ತು.

ಇಲ್ಲಿ ಮಾವನ ವಿಷಯದಲ್ಲಿ ಇನ್ನೊಂದು ಹೇಳ್ಬೇಕು, ಇದು ಮುಂದೆ ಬೇಕಾಗುತ್ತೆ. ಮ್ಯಾಚ್ ಡಿಡಿಲಿ ಬರೋದು ಗ್ಯಾರಂಟಿ ಆದಮೇಲೆ ಮಾವ ಸ್ಪೋರ್ಟ್ಸ್ ಪೇ ಚಾನೆಲ್ಲನ್ನೇ ತಗೀತಿರ್ಲಿಲ್ಲ. ಯಾಕೆ ತಗೋಬೇಕು? ಡಿಡಿ ಚಾನೆಲ್‌ಗಳನ್ನ ಕೇಬಲ್‌ನಲ್ಲಿ ಕೊಡ್ಲೇಬೇಕು ಅಂತ 1995ರ ಕೇಬಲ್ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತೆ, ಅದಕ್ಕೆ ದುಡ್ಡೂ ಇಲ್ಲ, ಊರವರಿಗೆ ಬೇಕಾಗಿದ್ದು ಇಂಡಿಯಾ ಮ್ಯಾಚ್ ಮಾತ್ರ, ಅದು ಡಿಡಿಲೇ ಸಿಗುತ್ತೆ. ಕನೆಕ್ಷನ್ ಲೆಕ್ಕಕ್ಕೆ ಪೇ ಚಾನೆಲ್‌ನವರಿಗೆ ಕಟ್ಟೋ ದುಡ್ಡು ಉಳೀತು. ಮಾವನಂಥೋರು ದೇಶದಲ್ಲಿ ಎಷ್ಟು ಸಾವಿರ ಜನ ಇದ್ದಿರ್ಬೋದು ಯೋಚ್ನೆ ಮಾಡಿ.

ಕಾನೂನು ಬಂದಿದ್ದು 2007ರಲ್ಲಿ, ಅದೂ ಒಂದು ಜಗಳದಿಂದಾನೇ. ಬಿಸಿಸಿಐ ಇಲ್ಲಿ ಆಡೋ ಮ್ಯಾಚ್‌ಗಳ ರೈಟ್ಸನ್ನ 2006ರಲ್ಲಿ ನಿಂಬಸ್ ಅನ್ನೋ ಕಂಪನಿಗೆ ನಾಲ್ಕು ವರ್ಷಕ್ಕೆ 61.2 ಕೋಟಿ ಡಾಲರಿಗೆ ಮಾರಿತ್ತು, ಅವರದೇ ನಿಯೋ ಸ್ಪೋರ್ಟ್ಸ್ ಚಾನೆಲ್ ಇತ್ತು. 2007ರ ಜನವರೀಲಿ ವೆಸ್ಟ್ ಇಂಡೀಸ್ ಬಂದಾಗ ಫೀಡ್ ಹಂಚ್ಕೊಳ್ಳೋ ವಿಷಯಕ್ಕೆ ದೂರದರ್ಶನಕ್ಕೂ ನಿಂಬಸ್‌ಗೂ ಜಗಳ ಆಗಿ ನಾಗ್ಪುರದ ಮೊದಲನೇ ಒನ್‌ಡೇ ಡಿಡಿಲಿ ಲೈವ್ ಬರ್ಲೇ ಇಲ್ಲ. ದೆಹಲಿ ಹೈಕೋರ್ಟಿಗೆ ಹೋದಮೇಲೆ ಮುಂದಿನ ಮ್ಯಾಚ್‌ಗಳನ್ನ ಏಳು ನಿಮಿಷ ತಡ ಮಾಡಿ ತೋರಿಸೋ ಏರ್ಪಾಡಾಯ್ತು. ಏಳು ನಿಮಿಷ ಅಂದ್ರೆ ಸುಮ್ಮನೆ ಅಲ್ಲ ರೀ, ಪಕ್ಕದ ಮನೆ ಕೇಬಲ್‌ನವರು ಹೋ ಅಂತ ಕೂಗಿ, ಪಟಾಕಿ ಹೊಡೆದು ಮುಗಿಸಿದ ಮೇಲೆ ನಿಮ್ಮ ಟಿವಿಲಿ ಬೌಲರ್ ಓಡಿ ಬರ್ತಾನೆ. ಜನ ಸಿಟ್ಟಾದ್ರು, ಸರ್ಕಾರ ಫೆಬ್ರವರಿ ಶುರುವಲ್ಲೇ ಸುಗ್ರೀವಾಜ್ಞೆ ತಂತು, ಮಾರ್ಚಲ್ಲಿ ಪಾರ್ಲಿಮೆಂಟು ಪಾಸ್ ಮಾಡ್ತು. ಹೆಸರು ಉದ್ದ ಇದೆ, ಕ್ರೀಡಾ ಪ್ರಸಾರ ಸಿಗ್ನಲ್‌ಗಳನ್ನ ಪ್ರಸಾರ ಭಾರತಿ ಜೊತೆ ಕಡ್ಡಾಯವಾಗಿ ಹಂಚ್ಕೋಬೇಕು ಅನ್ನೋ ಕಾಯ್ದೆ, 2007. ಜಾರಿಗೆ ಬಂದಿದ್ದನ್ನ ಹಿಂದಕ್ಕೆ, 2005ರ ನವೆಂಬರ್ 11ರಿಂದ ಅಂತ ಲೆಕ್ಕ ಹಾಕಿದ್ರು.

ಇದರ ಜೀವ ಇರೋದು 3ನೇ ಸೆಕ್ಷನ್‌ನಲ್ಲಿ. ನನ್ನ ಮಾತಲ್ಲಿ ಹೇಳ್ತೀನಿ: ರಾಷ್ಟ್ರೀಯ ಮಹತ್ವದ ಕ್ರೀಡಾಕೂಟ ಅಂತ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹಾಕಿರೋ ಆಟವನ್ನ ಯಾರಾದ್ರೂ ಕೇಬಲ್ ಅಥವಾ ಡಿಟಿಎಚ್‌ನಲ್ಲಿ ಲೈವ್ ಟಿವಿ ಪ್ರಸಾರ ಮಾಡ್ಬೇಕು ಅಂದ್ರೆ, ಅದೇ ಹೊತ್ತಿಗೆ ಅದೇ ಲೈವ್ ಸಿಗ್ನಲ್ಲನ್ನ ತಮ್ಮ ಜಾಹೀರಾತು ತೆಗೆದು ಪ್ರಸಾರ ಭಾರತಿಗೆ ಕೊಡ್ಬೇಕು, ಪ್ರಸಾರ ಭಾರತಿ ಅದನ್ನ ತನ್ನ ಭೂಕೇಂದ್ರಗಳ ಜಾಲದಲ್ಲಿ ಮತ್ತೆ ತನ್ನ ಡಿಟಿಎಚ್ ಜಾಲದಲ್ಲಿ ಮರುಪ್ರಸಾರ ಮಾಡೋದಕ್ಕೆ. ಡಿಡಿಲಿ ಬರೋ ಜಾಹೀರಾತಿನ ದುಡ್ಡಲ್ಲಿ ನೂರಕ್ಕೆ 75 ರೂಪಾಯಿಗಿಂತ ಕಮ್ಮಿ ಇಲ್ಲದಂಗೆ ರೈಟ್ಸ್ ಇರೋರಿಗೆ, ಉಳಿದಿದ್ದು ಪ್ರಸಾರ ಭಾರತಿಗೆ, ರೇಡಿಯೋ ಆದ್ರೆ ಅರ್ಧ ಅರ್ಧ. ಕಾನೂನು ಮುರಿದ್ರೆ ಲೈಸೆನ್ಸ್ ರದ್ದು ಮಾಡೋ ತನಕ ಅಧಿಕಾರ ಇದೆ, ದಂಡ ಮಾತ್ರ ಒಂದು ಕೋಟಿ ದಾಟೋ ಹಂಗಿಲ್ಲ. ಅದರಲ್ಲಿ "ತನ್ನ" ಅನ್ನೋ ಪದವನ್ನ ಒಂದು ಸಲ ಅಂಡರ್‌ಲೈನ್ ಮಾಡ್ಕೊಳ್ಳಿ. ಭೂಕೇಂದ್ರ ಅಂದ್ರೆ ಹಳೇ ಕಾಲದ ಟವರ್ರು, ಮನೆ ಮೇಲಿನ ಆ್ಯಂಟೆನಾಕ್ಕೆ ಬರೋದು. ಪ್ರಸಾರ ಭಾರತಿಯ ಡಿಟಿಎಚ್ ಅಂದ್ರೆ ನಿಮ್ಮನೇಲಿರೋ ಫ್ರೀ ಡಿಶ್ಶು. ಕೇಬಲ್ ಅನ್ನೋ ಪದ ಪ್ರಸಾರ ಭಾರತಿ ಕಡೆ ಇರೋ ಸಾಲಲ್ಲಿ ಇಲ್ವೇ ಇಲ್ಲ.

ಆ ಒಂದು ಪದದ ಮೇಲೇ 2017ರ ಕೇಸು ನಿಂತಿದ್ದು. ಬಿಸಿಸಿಐ, ನಿಂಬಸ್, ಇಎಸ್‌ಪಿಎನ್ ಕಡೆಯವರು ಹೇಳಿದ್ದೇನಂದ್ರೆ, ನೋಡಿ ನಾವು ಸಿಗ್ನಲ್ ಕೊಡ್ತೀವಿ, ಟವರಲ್ಲಿ ತೋರಿಸಿ, ಫ್ರೀ ಡಿಶ್‌ನಲ್ಲಿ ತೋರಿಸಿ, ಆದ್ರೆ ಕೇಬಲ್ ಕಾಯ್ದೆಯ 8ನೇ ಸೆಕ್ಷನ್ ಇರೋದ್ರಿಂದ ಅದೇ ಡಿಡಿ ಚಾನೆಲ್ ಎಲ್ಲ ಕೇಬಲ್ಲಿಗೂ ಪ್ರೈವೇಟ್ ಡಿಟಿಎಚ್‌ಗೂ ಹೋಗ್ತಿದೆ, ನಮ್ಮ ಚಾನೆಲ್ ದುಡ್ಡು ಕೊಟ್ಟು ಯಾರು ತಗೋತಾರೆ ಅಂತ. ಅವರು ಹೇಳ್ತಿದ್ದಿದ್ದು ನಮ್ಮ ಮಾವನ ಕಥೆನೇ, ಸುಳ್ಳೇನಿಲ್ಲ. 2015ರ ಫೆಬ್ರವರೀಲಿ ದೆಹಲಿ ಹೈಕೋರ್ಟ್ ಅವರ ಪರ ಹೇಳ್ತು, ಸರ್ಕಾರ ಮೇಲ್ಮನವಿ ಹೋಯ್ತು, ಸುಪ್ರೀಂ ಕೋರ್ಟಲ್ಲಿ ನ್ಯಾಯಮೂರ್ತಿ ರಂಜನ್ ಗೊಗೊಯ್ ಮತ್ತೆ ನವೀನ್ ಸಿನ್ಹಾ ಅವರ ಪೀಠ ಹೈಕೋರ್ಟ್ ಹೇಳಿದ್ದೇ ಸರಿ ಅಂತು. ಒಬ್ಬರು ದುಡ್ಡು ಕೊಟ್ಟು ತಗೊಂಡಿರೋ ಹಕ್ಕು ಅವರ ಆಸ್ತಿ, ಅದನ್ನ ಕಿತ್ಕೊಳ್ಳೋ ಕಾನೂನನ್ನ ಅದರಲ್ಲಿ ಬರೆದಿರೋವಷ್ಟಕ್ಕೇ ಬಿಗಿಯಾಗಿ ಓದ್ಬೇಕು, ಎಳೆದು ದೊಡ್ಡದು ಮಾಡೋ ಹಂಗಿಲ್ಲ ಅನ್ನೋದು ಕೋರ್ಟಿನ ವಾದ. ಅಲ್ಲಿಗೆ ಡಿಡಿ ಸ್ಪೋರ್ಟ್ಸ್ ಎರಡು ಫೀಡ್ ಆಯ್ತು, ನಿಮ್ಮಕ್ಕನ ಮನೇಲಿ ಕಬಡ್ಡಿ ಬಂತು.

ತೀರ್ಪು ತಪ್ಪು ಅಂತ ತುಂಬ ಜನ ಬೈತಾರೆ, ನಾನು ಬೈಯಲ್ಲ. ಕಾನೂನಲ್ಲಿ ಬರೆದಿದ್ದು ಹಾಗೇ ಇದೆ, ಕೋರ್ಟು ಬೇರೆ ಥರ ಓದ್ಬೇಕಾಗಿದ್ರೆ ಇಲ್ಲದೇ ಇರೋ ಪದ ಸೇರಿಸ್ಬೇಕಾಗಿತ್ತು. ನನ್ನ ತಕರಾರು ಕಾನೂನು ಬರೆದೋರ ಮೇಲೆ. 2007ರಲ್ಲಿ ಅವರು ಕೇಳ್ಕೋಬೇಕಾದ ಪ್ರಶ್ನೆ "ದೇಶದ ಮ್ಯಾಚನ್ನ ಯಾವ ಯಾವ ಜನ ದುಡ್ಡಿಲ್ಲದೇ ನೋಡೋ ಹಂಗಿರ್ಬೇಕು" ಅನ್ನೋದು, ಅವರು ಕೇಳ್ಕೊಂಡಿದ್ದು "ದೂರದರ್ಶನಕ್ಕೆ ಸಿಗ್ನಲ್ ಹೆಂಗೆ ಕೊಡ್ಸೋದು" ಅಂತ. ಈ ಕಾಯ್ದೇಲಿ ಹಕ್ಕು ಸಿಕ್ಕಿರೋದು ಪ್ರಸಾರ ಭಾರತಿಗೆ, ನೋಡೋರಿಗೆ ಯಾವ ಹಕ್ಕೂ ಬರೆದಿಲ್ಲ. ನಿಮ್ಮಪ್ಪಾಜಿಗೆ ಮ್ಯಾಚ್ ಸಿಕ್ತಿರೋದು ಅವರು ಪ್ರಸಾರ ಭಾರತಿ ಬಾಕ್ಸ್ ಇಟ್ಕೊಂಡಿದ್ದಾರೆ ಅನ್ನೋ ಕಾರಣಕ್ಕೆ, ಅಕ್ಕನಿಗೆ ಸಿಗ್ದೇ ಇರೋದು ಬೇರೆ ಬಾಕ್ಸ್ ಇಟ್ಕೊಂಡಿದ್ದಾರೆ ಅಂತ. ಯಾರು ಬಡವರು, ಯಾರು ಉಳ್ಳವರು ಅನ್ನೋದು ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ. ಕೇಬಲ್ ಕಟ್ಟೋರೆಲ್ಲ ಸ್ಪೋರ್ಟ್ಸ್ ಪ್ಯಾಕ್‌ಗೂ ಕಟ್ಟೋಷ್ಟು ಅನುಕೂಲಸ್ಥರು ಅಂತ ಹೆಂಗೆ ಅನ್ಕೋಳೋದು? ಬಾಡಿಗೆ ಮನೇಲಿ ಎರಡನೇ ಮಹಡೀಲಿ ಇರೋರಿಗೆ ಡಿಶ್ ಇಡೋಕೆ ಓನರ್ ಟೆರೇಸೇ ಬಿಡಲ್ಲ, ಕೇಬಲ್ ಬಿಟ್ರೆ ಗತಿ ಇಲ್ಲ.

ಇನ್ನು ಆ ಟವರ್‌ಗಳ ಕಥೆ. ಕಾಯ್ದೇಲಿ ಮೊದಲು ಹೆಸರು ಬರೋದೇ ಭೂಕೇಂದ್ರಗಳದ್ದು, ಒಂದು ಕಾಲಕ್ಕೆ ದೂರದರ್ಶನಕ್ಕೆ ಅಂಥ ಟ್ರಾನ್ಸ್‌ಮಿಟರ್ರು 1,400ರ ಆಸುಪಾಸು ಇದ್ವು. 2022ರ ಹೊತ್ತಿಗೆ ಗಡಿ ಕಡೆ ಮತ್ತೆ ಅಂಥ ಮುಖ್ಯ ಜಾಗಗಳ ಕೆಲವನ್ನ ಬಿಟ್ಟು ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಹೆಚ್ಚುಕಮ್ಮಿ ಎಲ್ಲ ಮುಚ್ಚಿದ್ರು. ಮುಚ್ಚಿದ್ದು ತಪ್ಪಲ್ಲ, ಆ್ಯಂಟೆನಾ ಇಟ್ಕೊಂಡು ನೋಡೋರೇ ಉಳಿದಿರ್ಲಿಲ್ಲ, ಕರೆಂಟ್ ಖರ್ಚು ಬೇರೆ. ಆದ್ರೆ ಕಾಯ್ದೆ ಹೇಳಿದ ಎರಡು ದಾರೀಲಿ ಒಂದು ದಾರಿ ಮುಚ್ಚಿಹೋಗಿ ಫ್ರೀ ಡಿಶ್ ಒಂದೇ ಉಳೀತು ಅನ್ನೋದನ್ನ ಯಾರೂ ಜೋರಾಗಿ ಹೇಳ್ಲಿಲ್ಲ. ಫ್ರೀ ಡಿಶ್ ಈಗ 4 ಕೋಟಿಗೂ ಹೆಚ್ಚು ಮನೇಲಿದೆ ಅಂತ ಅಂದಾಜು, ಸಣ್ಣ ಸಂಖ್ಯೆ ಏನಲ್ಲ, ಆದ್ರೆ ದೇಶ ಪೂರ್ತಿ ಅಲ್ಲ.

2018ರ ಅಕ್ಟೋಬರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ತಿದ್ದುಪಡಿ ಕರಡು ಮಾಡಿ ಜನರ ಅಭಿಪ್ರಾಯ ಕೇಳ್ತು, ಡಿಡಿ ಚಾನೆಲ್ ಕಡ್ಡಾಯ ಇರೋ ಬೇರೆ ಜಾಲಗಳಲ್ಲೂ ಈ ಸಿಗ್ನಲ್ ಹೋಗ್ಲಿ ಅಂತ, ಅಂದ್ರೆ ಕೋರ್ಟ್ ತೀರ್ಪಿನ ಪರಿಣಾಮ ತೆಗೆಯೋಕೆ. ಚಾನೆಲ್‌ನವರು ವಿರೋಧ ಮಾಡಿದ್ರು. ಅದು ಕಾನೂನಾಗ್ಲಿಲ್ಲ.

ಗೆಜೆಟ್ ಪಟ್ಟಿ, ಅಂದ್ರೆ ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಹಾಕಿರೋ ಆಟಗಳ ಪಟ್ಟಿ ಬಗ್ಗೆ ಚುಟುಕಾಗಿ ಹೇಳ್ತೀನಿ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಇದೆ. ಕ್ರಿಕೆಟಲ್ಲಿ ಇಂಡಿಯಾ ಪುರುಷರ ಟೀಮಿನ ಒನ್‌ಡೇ, ಟಿ20 ಎಲ್ಲ, ಟೆಸ್ಟ್ ಮಾತ್ರ ಜನರಿಗೆ ಆಸಕ್ತಿ ಜಾಸ್ತಿ ಇದೆ ಅಂತ ಸರ್ಕಾರಕ್ಕೆ ಅನ್ನಿಸಿದ್ದು, ವರ್ಲ್ಡ್ ಕಪ್ ಸೆಮಿಫೈನಲ್ ಫೈನಲ್ ಯಾರೇ ಆಡ್ಲಿ. ಹಾಕಿ ವರ್ಲ್ಡ್ ಕಪ್ಪಲ್ಲಿ ಇಂಡಿಯಾ ಮ್ಯಾಚ್‌ಗಳು, ಫುಟ್ಬಾಲ್ ವರ್ಲ್ಡ್ ಕಪ್ಪಿನ ಮುಖ್ಯ ಮ್ಯಾಚ್‌ಗಳು, ಡೇವಿಸ್ ಕಪ್ಪಲ್ಲಿ ಇಂಡಿಯಾ ಆಡೋದು, ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಫೈನಲ್‌ಗಳು. ಅದಕ್ಕೇ 2024ರ ಟಿ20 ವರ್ಲ್ಡ್ ಕಪ್ ಫೈನಲ್ಲನ್ನ ನಿಮ್ಮಪ್ಪಾಜಿ ದುಡ್ಡು ಕೊಡದೇ ನೋಡಿದ್ದು.

ಐಪಿಎಲ್ ಈ ಪಟ್ಟೀಲಿಲ್ಲ. ಅದು ದೇಶದ ಟೀಮ್ ಆಡೋ ಆಟ ಅಲ್ಲ, ಫ್ರಾಂಚೈಸಿಗಳ ಆಟ. 2018ರಲ್ಲಿ ಕೆಲವು ಐಪಿಎಲ್ ಮ್ಯಾಚ್ ಡಿಡಿಲಿ ಒಂದು ಗಂಟೆ ತಡವಾಗಿ ಬಂದಿದ್ದು ನೆನಪಿರ್ಬೋದು, ಅದು ಆಗ ಐಪಿಎಲ್ ರೈಟ್ಸ್ ಇದ್ದ ಸ್ಟಾರ್ ಮತ್ತೆ ಪ್ರಸಾರ ಭಾರತಿ ಮಾತಾಡ್ಕೊಂಡು ಮಾಡಿದ ಒಪ್ಪಂದ, ಕಾಯ್ದೆಯಿಂದ ಬಂದಿದ್ದಲ್ಲ. ಆರ್‌ಸಿಬಿ ಮ್ಯಾಚ್ ನಮಗೆ ಯಾವ ವರ್ಲ್ಡ್ ಕಪ್ಪಿಗೂ ಕಮ್ಮಿ ಇಲ್ಲ ಅಂತ ನೀವು ಹೇಳ್ಬೋದು, ನನಗೂ ಹಾಗೇ. ಆದ್ರೂ ಐಪಿಎಲ್‌ನ ಪಟ್ಟಿಗೆ ಸೇರಿಸ್ಬಾರ್ದು ಅಂತಾನೇ ನಾನು ಹೇಳೋದು. 2023ರಿಂದ 2027ರ ಐದು ವರ್ಷದ ರೈಟ್ಸ್ 48,390 ಕೋಟಿಗೆ ಹೋಗಿದೆ. ಬಿಸಿಸಿಐ ಶ್ರೀಮಂತ ಸಂಸ್ಥೆ ನಿಜ, ಆದ್ರೆ ರಾಜ್ಯ ಸಂಸ್ಥೆಗಳಿಗೆ ಹೋಗೋ ದುಡ್ಡು, ರಣಜಿ ಆಡೋ ಹುಡುಗರ ಸಂಬಳ, ಹುಡುಗೀರ ಕ್ರಿಕೆಟ್ಟು, ಎಲ್ಲ ಈ ಟಿವಿ ದುಡ್ಡಿಂದಾನೇ ನಡೆಯೋದು. ಎಲ್ಲವನ್ನೂ ಫ್ರೀ ಮಾಡಿದ್ರೆ ರೈಟ್ಸ್‌ಗೆ ಬೆಲೆ ಇರಲ್ಲ, ಆಟಕ್ಕೆ ಹೋಗೋ ದುಡ್ಡೂ ಕಮ್ಮಿ ಆಗುತ್ತೆ. ಪಟ್ಟಿ ಚಿಕ್ಕದಾಗಿರ್ಲಿ, ಆದ್ರೆ ಪಟ್ಟೀಲಿರೋದು ನಿಜವಾಗ್ಲೂ ಎಲ್ಲರಿಗೂ ಸಿಗ್ಲಿ, ಇದೇ ನನ್ನ ನಿಲುವು, ಇದರ ಬಗ್ಗೆ ಯಾರ ಜೊತೆ ಬೇಕಾದ್ರೂ ಕೂತು ಮಾತಾಡ್ತೀನಿ.

ಈಗ ಮೊಬೈಲ್ ಪ್ರಶ್ನೆ, ಮೂರರಲ್ಲಿ ಇದೇ ಮುಖ್ಯವಾದ್ದು. ಮೇಲೆ ಹೇಳಿದ ಐಪಿಎಲ್ ಲೆಕ್ಕಾನೇ ಬಿಡಿಸಿ ನೋಡಿ: ಇಲ್ಲಿನ ಟಿವಿ ರೈಟ್ಸ್ 23,575 ಕೋಟಿ, ಇಲ್ಲಿನ ಡಿಜಿಟಲ್ ರೈಟ್ಸ್ ಎರಡು ಪ್ಯಾಕೇಜ್ ಸೇರಿ 23,758 ಕೋಟಿ. ಮೊಬೈಲು ಟಿವೀನ ದಾಟಿಬಿಡ್ತು. 2007ರ ಕಾಯ್ದೆ ಮಾತ್ರ ಕೇಬಲ್ಲು, ಡಿಟಿಎಚ್ಚು, ರೇಡಿಯೋ ಅಂತಾನೇ ಮಾತಾಡುತ್ತೆ, ಆ್ಯಪ್ ಅನ್ನೋದೇ ಅದಕ್ಕೆ ಗೊತ್ತಿಲ್ಲ, ಗೊತ್ತಿರೋಕೆ ಆಗ್ತಾನೂ ಇರ್ಲಿಲ್ಲ, ಆಗ ನಮ್ಮ ಕೈಲಿದ್ದಿದ್ದು ಬಟನ್ ಫೋನು. ಹಾಗಾಗಿ ದೇಶದ ಮ್ಯಾಚನ್ನ ಆ್ಯಪಲ್ಲಿ ಫ್ರೀ ಕೊಡ್ಬೇಕು ಅಂತ ಈ ಕಾಯ್ದೆ ಯಾರನ್ನೂ ಕಟ್ಟಿಹಾಕಲ್ಲ. ಪ್ರಸಾರ ಭಾರತಿ 2024ರ ನವೆಂಬರಲ್ಲಿ ವೇವ್ಸ್ ಅಂತ ತನ್ನದೇ ಆ್ಯಪ್ ಶುರು ಮಾಡ್ತು, ಆದ್ರೆ ಕಾಯ್ದೆಯಲ್ಲಿ ಸಿಗೋ ಸಿಗ್ನಲ್ ಟವರಿಗೂ ಫ್ರೀ ಡಿಶ್‌ಗೂ ಮಾತ್ರ, ಅದನ್ನ ತಗೊಂಡು ಆ್ಯಪಿಗೆ ಹಾಕೋ ಅಧಿಕಾರ ಕಾಯ್ದೆ ಕೊಟ್ಟಿಲ್ಲ. ಇನ್ನೊಂದು ಭಯ ನನಗಿದೆ. ನಾಳೆ ಯಾರಾದ್ರೂ ಒಂದು ಸೀರೀಸನ್ನ ಬರೀ ಆ್ಯಪಲ್ಲಿ ಮಾತ್ರ ತೋರಿಸಿ, ನಾವು ಕೇಬಲ್ಲಲ್ಲೂ ಇಲ್ಲ ಡಿಟಿಎಚ್‌ಲ್ಲೂ ಇಲ್ಲ, 3ನೇ ಸೆಕ್ಷನ್ ನಮಗೆ ಅನ್ವಯಿಸಲ್ಲ ಅಂತ ವಾದ ಮಾಡಿದ್ರೆ? ಅಕ್ಷರ ಅಕ್ಷರ ಓದೋ ಕೋರ್ಟಲ್ಲಿ ಆ ವಾದಕ್ಕೆ ಬಲ ಇದೆ.

ಆದ್ರೆ ಸ್ವಲ್ಪ ವರ್ಷ ಮೊಬೈಲಲ್ಲಿ ಫ್ರೀ ಬರ್ತಿತ್ತಲ್ಲ ಅಂತ ನೀವು ಕೇಳ್ತೀರ. ಹೌದು, 2022ರ ಫುಟ್ಬಾಲ್ ವರ್ಲ್ಡ್ ಕಪ್, 2023ರ ಐಪಿಎಲ್ ಜಿಯೋಸಿನಿಮಾದಲ್ಲಿ ಫ್ರೀ ಬಂತು, ಅದಕ್ಕೆ ಪೈಪೋಟಿ ಕೊಡೋಕೆ ಹಾಟ್‌ಸ್ಟಾರ್‌ನವರು 2023ರ ಕ್ರಿಕೆಟ್ ವರ್ಲ್ಡ್ ಕಪ್ಪನ್ನ ಮೊಬೈಲಲ್ಲಿ ಫ್ರೀ ಬಿಟ್ರು, ಅಹಮದಾಬಾದ್ ಫೈನಲ್ ದಿನ ಒಂದೇ ಹೊತ್ತಲ್ಲಿ 5.9 ಕೋಟಿ ಸ್ಕ್ರೀನ್ ನೋಡ್ತಿದ್ವು ಅಂತ ಕಂಪನಿ ಹೇಳ್ತು. ಅದೆಲ್ಲ ಗಿರಾಕಿ ಹಿಡಿಯೋ ವ್ಯಾಪಾರದ ಲೆಕ್ಕ, ಯಾರ ಹಕ್ಕೂ ಅಲ್ಲ. 2025ರ ಫೆಬ್ರವರೀಲಿ ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯ್ತು, ಪೈಪೋಟಿ ಮುಗೀತು, ಐಪಿಎಲ್ ಪೂರ್ತಿ ಫ್ರೀ ಅನ್ನೋ ಕಾಲಾನೂ ಮುಗೀತು. ಕಂಪನಿಯವರನ್ನ ಬೈದು ಏನು ಪ್ರಯೋಜನ, ಅವರು ವ್ಯಾಪಾರ ಮಾಡೋಕೇ ಕೂತಿರೋದು. ಕೊಟ್ಟಿದ್ದನ್ನ ಯಾವಾಗ ಬೇಕಾದ್ರೂ ವಾಪಸ್ ತಗೋಬೋದು ಅಂದ್ರೆ ಅದನ್ನ ನಂಬ್ಕೊಂಡು ದೇಶ ಕೂರೋಕಾಗಲ್ಲ ಅಷ್ಟೇ.

ಬೇರೆ ದೇಶದವರು ಹೆಂಗೆ ಮಾಡಿದ್ದಾರೆ ನೋಡಿ. ಇಂಗ್ಲೆಂಡಲ್ಲಿ 1996ರ ಬ್ರಾಡ್‌ಕಾಸ್ಟಿಂಗ್ ಕಾಯ್ದೆ ಪ್ರಕಾರ ಒಂದು ಪಟ್ಟಿ ಇದೆ, ಒಲಿಂಪಿಕ್ಸ್, ಫುಟ್ಬಾಲ್ ವರ್ಲ್ಡ್ ಕಪ್, ಎಫ್‌ಎ ಕಪ್ ಫೈನಲ್, ವಿಂಬಲ್ಡನ್ ಫೈನಲ್, ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸು ಇಂಥವು. ಇವನ್ನ ಪೇ ಚಾನೆಲ್‌ನವರು ತಮಗೊಬ್ಬರಿಗೇ ಅಂತ ಇಟ್ಕೊಳ್ಳೋ ಹಂಗಿಲ್ಲ. ನಮ್ಮದಕ್ಕೂ ಅದಕ್ಕೂ ಇರೋ ವ್ಯತ್ಯಾಸ ಗಮನಿಸಿ, ಅಲ್ಲಿ ಖರೀದಿ ಮಾಡಿದವರ ಕೈಯಿಂದ ಸಿಗ್ನಲ್ ತಗೊಂಡು ಬಿಬಿಸಿಗೆ ಕೊಡಲ್ಲ, ಫ್ರೀ ಚಾನೆಲ್‌ನವರೇ ದುಡ್ಡು ಕೊಟ್ಟು ತಗೋಬೇಕು, ಕಾನೂನು ಬರೀ ದಾರಿ ತೆಗೆದಿಡುತ್ತೆ. ಫ್ರೀ ಚಾನೆಲ್ ಅಂದ್ರೆ ಯಾವುದು ಅನ್ನೋಕೆ ಅವರು ಇಟ್ಕೊಂಡಿದ್ದ ಅಳತೆ ಏನಂದ್ರೆ ದೇಶದ ನೂರಕ್ಕೆ 95 ಜನಕ್ಕೆ ದುಡ್ಡಿಲ್ಲದೇ ತಲುಪ್ಬೇಕು ಅಂತ. ಸಂಸ್ಥೆ ಯಾವುದು ಅಂತ ಕೇಳಲಿಲ್ಲ, ಎಷ್ಟು ಜನಕ್ಕೆ ಮುಟ್ಟುತ್ತೆ ಅಂತ ಕೇಳಿದ್ರು. ನಮ್ಮ ಕಾಯ್ದೇಲಿ ಇಲ್ಲದೇ ಇರೋ ಪ್ರಶ್ನೆ ಅದೇ.

ಅವರದ್ದರಲ್ಲಿ ಎಲ್ಲ ಸರಿ ಇದೆ ಅಂತಲ್ಲ. 1998ರಲ್ಲಿ ಇಂಗ್ಲೆಂಡ್ ತವರಿನ ಟೆಸ್ಟ್ ಮ್ಯಾಚ್‌ಗಳನ್ನ ಪಟ್ಟಿಯ ಮೇಲಿನ ಗುಂಪಿಂದ ಕೆಳಗಿನ ಗುಂಪಿಗೆ ಇಳಿಸಿದ್ರು, ಅಂದ್ರೆ ಹೈಲೈಟ್ಸ್ ಮಾತ್ರ ಫ್ರೀ ಇದ್ರೆ ಸಾಕು ಅಂತ. 2005ರ ಆ್ಯಶಸ್, ಅಂಥ ಸೀರೀಸು ಇನ್ನೊಂದು ನೋಡಿಲ್ಲ ಅಂತ ಅಲ್ಲಿಯವರು ಇವತ್ತಿಗೂ ಹೇಳ್ತಾರೆ, ಅದು ಚಾನೆಲ್ 4ರಲ್ಲಿ ಫ್ರೀ ಬಂತು, ಮರುವರ್ಷದಿಂದ ಪೂರ್ತಿ ಸ್ಕೈ ಅನ್ನೋ ಪೇ ಚಾನೆಲ್‌ಗೆ. ಆಮೇಲೆ 2019ರ ಜುಲೈ 14ಕ್ಕೆ ಇಂಗ್ಲೆಂಡ್ ಪುರುಷರ ಟೀಮು ಮೊದಲನೇ ಸಲ ಒನ್‌ಡೇ ವರ್ಲ್ಡ್ ಕಪ್ ಗೆದ್ದ ದಿನ, ಸ್ಕೈನವರು ತಾವಾಗೇ ಚಾನೆಲ್ 4 ಜೊತೆ ಫೈನಲ್ ಹಂಚ್ಕೊಂಡ್ರು. ಕ್ರಿಕೆಟ್ ಹುಟ್ಟಿದ ದೇಶದಲ್ಲಿ ತಮ್ಮ ಟೀಮಿನ ಮ್ಯಾಚನ್ನ ಹದಿನಾಲ್ಕು ವರ್ಷ ಫ್ರೀ ಟಿವಿಲಿ ಲೈವ್ ನೋಡದೇ ಬೆಳೆದ ಮಕ್ಕಳಿದ್ರು ಅಂದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಆಸ್ಟ್ರೇಲಿಯಾದವರದ್ದು ಇನ್ನೂ ಬಿಗಿ, ಪಟ್ಟೀಲಿರೋ ಆಟವನ್ನ ಫ್ರೀ ಚಾನೆಲ್‌ಗಿಂತ ಮುಂಚೆ ಪೇ ಚಾನೆಲ್‌ನವರು ಕೊಂಡ್ಕೊಳ್ಳೋ ಹಂಗೇ ಇಲ್ಲ, 2024ರಲ್ಲಿ ತಿದ್ದುಪಡಿ ಮಾಡಿ ಇದನ್ನ ಸ್ಟ್ರೀಮಿಂಗ್ ಕಂಪನಿಗಳಿಗೂ ಹಾಕಿದ್ರು. ನಾವು ಆ ಕೆಲಸ ಇನ್ನೂ ಶುರುನೇ ಮಾಡಿಲ್ಲ.

ನನ್ನ ಕೇಳಿದ್ರೆ 3ನೇ ಸೆಕ್ಷನ್ ತಿದ್ದೋಕೆ ದೊಡ್ಡ ಕಸರತ್ತು ಬೇಡ. ಪಟ್ಟೀಲಿರೋ ಆಟ ಇಷ್ಟು ಪಾಲು ಜನಕ್ಕೆ ದುಡ್ಡಿಲ್ಲದೇ ತಲುಪ್ಬೇಕು ಅಂತ ಒಂದು ಅಳತೆ ಹಾಕಿ, ಟವರೋ ಡಿಶ್ಶೋ ಕೇಬಲ್ಲೋ ಆ್ಯಪೋ ಅಂತ ಹೆಸರು ಹಿಡಿದು ಬರೀಬೇಡಿ, ಇನ್ನು ಹತ್ತು ವರ್ಷಕ್ಕೆ ಇನ್ನೇನೋ ಬರುತ್ತೆ. ಕೇಬಲ್ಲಿಗೂ ಬಿಟ್ರೆ ಚಾನೆಲ್‌ನವರಿಗೆ ಚಂದಾ ದುಡ್ಡು ಲಾಸ್ ಆಗೋದು ನಿಜ, ಮಾವನ ಕಂಟ್ರೋಲ್ ರೂಮಲ್ಲಿ ಕಣ್ಣಾರೆ ನೋಡಿದ್ದೀನಿ, ಅದಕ್ಕೇ ಪಟ್ಟಿಯನ್ನ ಇನ್ನೂ ಸಣ್ಣದು ಮಾಡಿ. ಯಾವುದೋ ದೇಶದಲ್ಲಿ ಆಡೋ ಎರಡು ಟಿ20 ಸೀರೀಸ್ ಎಲ್ಲ ರಾಷ್ಟ್ರೀಯ ಮಹತ್ವದ್ದು ಅನ್ನೋದಕ್ಕಿಂತ ವರ್ಲ್ಡ್ ಕಪ್ಪು, ಒಲಿಂಪಿಕ್ಸು, ಏಷ್ಯನ್ ಗೇಮ್ಸು ಎಲ್ಲ ಸ್ಕ್ರೀನಲ್ಲೂ ಬರೋದು ಮೇಲು. ಕೊಡಗಿನ ಹುಡುಗರು ಹಾಕಿ ಸ್ಟಿಕ್ ಹಿಡಿಯೋದು ಹಾಕಿ ನೋಡಿದ್ರೇನೇ. ಕ್ರಿಕೆಟ್ಟಿಗೆ ಹೆಂಗೋ ನೋಡೋರು ಸಿಗ್ತಾರೆ, ಉಳಿದ ಆಟಗಳಿಗೆ ಫ್ರೀ ಟಿವಿನೇ ಉಸಿರು.

ಇನ್ನು ಸದ್ಯಕ್ಕೆ ಅಕ್ಕನ ಮನೆಗೆ ಏನು ಮಾಡೋದು ಅಂತ. ಕೇಬಲ್ ತೆಗೀಬೇಕಿಲ್ಲ, ಅದರ ಜೊತೆಗೇ ಒಂದು ಫ್ರೀ ಡಿಶ್ ಸೆಟ್ ಹಾಕ್ಸಿ, ಡಿಶ್ಶು ಬಾಕ್ಸು ವೈರು ಸೇರಿ ಒಂದೂವರೆಯಿಂದ ಎರಡು ಸಾವಿರದ ಆಸುಪಾಸು ಒಂದೇ ಸಲದ ಖರ್ಚು, ತಿಂಗಳ ಚಂದಾ ಇಲ್ಲ. ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15 ಉಪಗ್ರಹದಿಂದ, ದಾವಣಗೆರೆಯಿಂದ ನೋಡಿದ್ರೆ ಅದು ಆಗ್ನೇಯ ದಿಕ್ಕಿಗೆ ಬರುತ್ತೆ, ಆ ಕಡೆ ತೆಂಗಿನ ಮರನೋ ಪಕ್ಕದ ಬಿಲ್ಡಿಂಗೋ ಅಡ್ಡ ಇದ್ಯಾ ಅಂತ ಮೊದಲೇ ಟೆರೇಸ್ ಮೇಲೆ ಹತ್ತಿ ನೋಡ್ಕೊಳ್ಳಿ. ಹಳೇ ಪ್ರೈವೇಟ್ ಡಿಟಿಎಚ್ ಡಿಶ್ ಬಿದ್ದಿದ್ರೆ ಅದನ್ನೇ ತಿರುಗಿಸಿ ಈ ಉಪಗ್ರಹಕ್ಕೆ ಕೂರಿಸ್ಬೋದು, ಗೊತ್ತಿರೋ ಮೆಕ್ಯಾನಿಕ್ ಅರ್ಧ ಗಂಟೇಲಿ ಮಾಡ್ಕೊಡ್ತಾರೆ. ಟೆರೇಸ್ ಸಿಗಲ್ಲ ಅಂದ್ರೆ ಮ್ಯಾಚ್ ದಿನ ಆಕಾಶವಾಣಿ ಹಾಕಿ ಕೊಡಿ, ಅದಕ್ಕೆ ಬಾಕ್ಸೂ ಬೇಡ ಪ್ಯಾಕೂ ಬೇಡ, ಎಲ್ಲರ ಮನೇಲೂ ಒಂದೇ ಥರ ಬರುತ್ತೆ.